ಹಿಗ್ಗುತ್ತದೆಯೇ?

ತಾಂಪೆರೆ, ನವೆಂಬರ್. ಮೂರೂವರೆಗೇ ಕತ್ತಲು.
ಕೊರಳ ಬಿಲ್ಲೆಯಲ್ಲಿ ನನ್ನ ಹೆಸರು, ಅದರ ಕೆಳಗೆ
'ಇತರೆ'.
ನೋಂದಣಿಯ ಪಟ್ಟಿಯಲ್ಲಿ ಸಮಾಜಶಾಸ್ತ್ರ ಇರಲಿಲ್ಲ;
ಗ್ರಾಫಿಕ್ಸ್ ಇತ್ತು, ಭದ್ರತೆ ಇತ್ತು, ರೋಬೋಟುಗಳಿದ್ದವು.

ಆರನೇ ವರ್ಷ ಇದು. ಮೊದಲ ಸಲ ನಮ್ಮವರ ರೂಢಿಯಂತೆ
ಹಾಳೆ ಹಿಡಿದು ಓದಿಬಿಟ್ಟಿದ್ದೆ,
ಒಂದೂ ಚಿತ್ರವಿಲ್ಲದೆ. ಪಾಪ, ಅವರು
ಪರದೆ ಕೆಟ್ಟಿದೆಯೆಂದು ತಿಳಿದು
ರಿಪೇರಿಯವನನ್ನು ಕರೆಸಿದ್ದರು.

ಈಗ ಕಲಿತಿದ್ದೇನೆ. ಬೇಗ ಹೋಗಿ
ಗೋಡೆಯ ಸಾಕೆಟ್ಟಿನ ಪಕ್ಕ ಕೂರಬೇಕು. ಚಪ್ಪಾಳೆ ಮುಗಿಯುವ ಮೊದಲೇ
ಮುಂದಿನವ ಕೇಬಲ್ ಚುಚ್ಚಿರುತ್ತಾನೆ; ಒರಟುತನವಲ್ಲ ಅದು.
'ಕ್ಷುಲ್ಲಕ' ಅಂದರೆ ಬೈಗುಳವಲ್ಲ, ಸುಲಭ ಅಂತ.
'ಸ್ವಾರಸ್ಯವಾಗಿದೆ' ಅಂದರೆ ಮಾತ್ರ ಎಚ್ಚರ.
ಇದೆಲ್ಲ ನೋಟ್‌ಬುಕ್ಕಿನಲ್ಲಿದೆ, ಹಿಂದೊಮ್ಮೆ
ಹಿಮಸಾರಂಗ ಕಾಯುವವರ ಮಾತು ಬರೆದುಕೊಂಡ ಹಾಗೆ.

ಈ ಸಲ ಹನ್ನೆರಡು ನಿಮಿಷ.
ಮನೆಮನೆಗೆ ಹೋಗುವ ನರ್ಸುಗಳ ಕಾರಿನಲ್ಲಿ,
ಕೆಮಿಯಾರ್ವಿಯಲ್ಲಿ, ಹನ್ನೊಂದು ತಿಂಗಳು
ಹಿಂದಿನ ಸೀಟಿನಲ್ಲಿ ಕೂತದ್ದಕ್ಕೆ ಹನ್ನೆರಡು ನಿಮಿಷ.
ಒಂಬತ್ತು ನರ್ಸುಗಳು ಎಂದೆ. "ಒಂಬತ್ತು ಸಾವಿರವೇ?"
ಎಂದ ಅಧ್ಯಕ್ಷ, ಒಳ್ಳೆಯ ಮನಸ್ಸಿನಿಂದಲೇ.

ಒಂದು ಮನೆಗೆ ಫೋನು ಕೊಡುವುದು ಹದಿನಾಲ್ಕು ನಿಮಿಷ.
ಸಿನಿಕ್ಕಾ ಗುಳಿಗೆ ಎಣಿಸಿ, ಕಾಲುಚೀಲ ಏರಿಸಿ,
ಬಾಗಿಲಾಚೆ ಬಂದು 'ಮುಗಿಯಿತು' ಒತ್ತಿ
ಮತ್ತೆ ಒಳಗೆ ಹೋಗುತ್ತಾಳೆ.
ಹಿಲ್ಯಾ ಅಷ್ಟರಲ್ಲಿ ಎರಡನೇ ಕಪ್ಪಿಗೆ ಕಾಫಿ ಬಗ್ಗಿಸಿರುತ್ತಾಳೆ.
ದಾಖಲೆಯಲ್ಲಿ ಆ ಹೊತ್ತು ಸಿನಿಕ್ಕಾ ದಾರಿಯಲ್ಲಿದ್ದಾಳೆ,
ಹಿಮ ಬಿದ್ದಿದೆ, ತಡವಾಗುತ್ತಿದೆ.

ಪ್ರಶ್ನೆಗಳು. ಮೂರನೇ ಸಾಲಿನ ಹುಡುಗ ಮೈಕಿಗೆ ಬಾಗಿ:
"ಇದು ಹಿಗ್ಗುತ್ತದೆಯೇ?"
ಲಕ್ಷ ಮನೆಗೆ, ಹತ್ತು ಊರಿಗೆ ಎಂದು ಅವನ ಅರ್ಥ.
ನನಗೆ ಕೇಳಿಸಿದ್ದು ಶಬ್ದದ ಇನ್ನೊಂದು ಮಗ್ಗುಲು.
ಹಿಗ್ಗಿದ್ದನ್ನು ಕಂಡಿದ್ದೇನೆ ಎನ್ನಬೇಕಿತ್ತು:
ಎಂಬತ್ತೊಂಬತ್ತರ ಮುಖ, ಬಾಗಿಲು
ಎರಡನೇ ಸಲ ತೆರೆದಾಗ.
"ಗೊತ್ತಿಲ್ಲ" ಎಂದೆ. ಗಂಟೆ ಬಾರಿಸಿದರು.

ಬನ್ನಿನ ತಟ್ಟೆಯ ಬಳಿ ಅವನೇ ಹುಡುಕಿಕೊಂಡು ಬಂದ,
ಕೆನ್ನೆ ಕೆಂಪಗೆ, ಕಣ್ಣು ಹೊಳೆಯುತ್ತ.
ರಾತ್ರಿ ಕೂತರೆ ಬೆಳಗಿನೊಳಗೆ ಬರೆದುಕೊಡುತ್ತೇನೆ, ಎಂದ.
ಕಾರು ಅಲುಗಿತೋ ಇಲ್ಲವೋ, ಫೋನಿಗೆ ಗೊತ್ತೇ ಇರುತ್ತದೆ.
ನೀವು ಹೇಳಿದ ಆ ಕಾಫಿಯ ನಿಮಿಷಗಳು,
ಪ್ರತಿಯೊಂದನ್ನೂ ಹಿಡಿಯಬಹುದು.
"ಕ್ಷುಲ್ಲಕ" ಎಂದ, ನಕ್ಕು.

ಕಪ್ಪು ಕೆಳಗಿಟ್ಟೆ.
ಸಿನಿಕ್ಕಾ ಎಂಬುದು ಅವಳ ಹೆಸರಲ್ಲ.
ಕೆಮಿಯಾರ್ವಿ ಎಂದೆನಲ್ಲ,
ಅದೂ ಆ ಊರಲ್ಲ.