ಮೂವತ್ತೆಂಟು ಕವಲು

ಒಂಬತ್ತಾದರೂ ಕಿಟಕಿಯಾಚೆ ಇನ್ನೂ ಕತ್ತಲು.
ಎಸ್ಟೋನಿಯಾದ ಪಡುವಣ ಕರೆಯಲ್ಲಿ
ಡಿಸೆಂಬರಿನ ಕಡಲು ಕೆನೆಗಟ್ಟುತ್ತಿದೆ,
ಗಟ್ಟಿಯಾಗುವ ಮನಸ್ಸು ಇನ್ನೂ ಮಾಡಿಲ್ಲ.

ನಿನ್ನೆ ಸಂಜೆ ಮನೆಗೆ ಹೊರಡುವ ಮುನ್ನ
ನಮ್ಮ ಫೆರಿ ಕಂಪನಿಯ ಹಳೆಯ ಕೋಡಿನ ಬಾಗಿಲಿಗೆ
ತಪಾಸಣೆಯ ಯಂತ್ರವೊಂದನ್ನು ಕೂರಿಸಿ ಬಂದಿದ್ದೆ.
ನಿದ್ದೆಯಿಲ್ಲ ಅದಕ್ಕೆ, ದಾಕ್ಷಿಣ್ಯವೂ ಇಲ್ಲ.
ಬೆಳಗ್ಗೆ ನೋಡಿದರೆ ಪರದೆ ತುಂಬ ಕೆಂಪಿರುವೆ:
ಸಾಲು ಉದ್ದ. ಇಲ್ಲೊಂದು ಬಿಡುವು ಹೆಚ್ಚು.
'ಕ' ಎಂಬುದು ಹೆಸರೇ? ಈ ಏಳೂವರೆ ಎಲ್ಲಿಂದ ಬಂತು?
ಒಟ್ಟು ಎರಡು ಸಾವಿರದ ನೂರಾ ಆರು ತಕರಾರು.
"ನನ್ನ ಎರಡನೇ ಗಂಡನೂ ಇಷ್ಟು ಕೊಂಕು ತೆಗೆದಿರಲಿಲ್ಲ"
ಎಂದಳು ಪಕ್ಕದ ಮೇಜಿನ ಹೆಲ್ಯು, ಕಾಫಿ ಕಲಕುತ್ತ.

ಬಿಡುವು, ಅಲ್ಪವಿರಾಮ, ಅಂಚು,
ಇವನ್ನೆಲ್ಲ ಯಂತ್ರವೇ ಬಾಚಿ ಜಡೆ ಹಾಕಿತು.
ಮಧ್ಯಾಹ್ನಕ್ಕೆ ಉಳಿದದ್ದು ಬಾಚಣಿಗೆ ಮುರಿಯುವ ಸಿಕ್ಕು:
'ಹೊರಡಬಹುದೇ' ಎಂಬ ಒಂದೇ ಒಂದು ಫಂಕ್ಷನ್.
ಕವಲು ಮೂವತ್ತೆಂಟು. ಮಿತಿ ಹತ್ತು.

ಬರೆದವನು ಲೆಂಬಿತ್. ಇಪ್ಪತ್ತು ವರ್ಷ ಹಡಗಿನಲ್ಲಿ ದುಡಿದು
ಐವತ್ತರಲ್ಲಿ ಕೀಲಿಮಣೆ ಕಲಿತವನು.
'ಆದರೆ'ಯ ಹೊಟ್ಟೆಯಲ್ಲಿ ಇನ್ನೊಂದು 'ಆದರೆ',
ಪರದೆಯ ಬಲದಂಚಿಗೆ ಜಾರುತ್ತ ಜಾರುತ್ತ
ಇಳಿದಷ್ಟೂ ನೀರು ಕಾಣದ ಬಾವಿಮೆಟ್ಟಿಲು.

ಫೋನ್ ಮಾಡಿದೆ. ಹಿತ್ತಲಲ್ಲಿ ಮೀನಿಗೆ ಹೊಗೆ ಹಾಕುತ್ತಿದ್ದ.
ಒಂದೊಂದೇ ಓದಿ ಹೇಳಿದೆ, ಅವನು ಕೆಮ್ಮುತ್ತ ಬಿಡಿಸಿದ.
ನೈರುತ್ಯದ ಗಾಳಿ, ಇಳಿಯುವ ನೀರು?
ಎರಡು ರಾತ್ರಿ ಮರಳದಿಬ್ಬದ ಮೇಲೆ ಕೂತಿದ್ದೆವು.
ಕುದುರೆ ಲಾರಿ ಮೊದಲು ಹತ್ತಬಾರದು?
ನಾಲ್ಕೂ ಬೆದರಿದ್ದವು, ಒಂದು ನೀರಿಗೆ ಹಾರಿತು.
ಈ 'ಮೈರೆ' ಯಾರು? ಬೆಲೆ ನಲವತ್ತು,
ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುತ್ತಿದೆ ಯಂತ್ರ.
"ಅಡುಗೆಯವಳು. ಊಟಕ್ಕೆ ನಲವತ್ತು ನಿಮಿಷ ಸೇರಿಸು ಎಂದಿದ್ದಳು.
ತೆಗೆ, ಈಗ ತಾಲಿನ್‌ನಲ್ಲಿ ಹೋಟೆಲ್ ಇಟ್ಟಿದ್ದಾಳೆ."

ಹತ್ತೊಂಬತ್ತನೆಯದಕ್ಕೆ ಬಂದಾಗ ನಾನೇ ತಡೆದೆ.
ತೆಳುವಾದ ಮಂಜುಗಡ್ಡೆಯಿದ್ದರೂ
ಆಂಬುಲೆನ್ಸ್ ಕಾಯುತ್ತಿದ್ದರೆ ಹೊರಡು, ಎಂದಿತ್ತು.
ಅದರ ಮೇಲೆ ನಾಲ್ಕು ಸಾಲು ಹತ್ತಿದರೆ
ಮಂಜುಗಡ್ಡೆ ಎಂದೊಡನೆ 'ಬೇಡ' ಎಂದು ಕದ ಹಾಕಿತ್ತು.
ಹನ್ನೊಂದು ವರ್ಷ ಆ ಸಾಲಿನವರೆಗೆ
ಒಂದು ಆಂಬುಲೆನ್ಸೂ ತಲುಪಿರಲಿಲ್ಲ.

ಆಚೆ ಕಡೆ ಸದ್ದಿಲ್ಲ. ಹೊಗೆಯಷ್ಟೇ ಇರಬೇಕು.

ಯಂತ್ರಕ್ಕೆ ಇದು ಗೊತ್ತಿರಲಿಲ್ಲ, ನ್ಯಾಯವಾಗಿ ಹೇಳುತ್ತೇನೆ.
ಅದಕ್ಕೆ ಕುದುರೆ ಗೊತ್ತಿಲ್ಲ, ಹೆರಿಗೆ ನೋವು ಗೊತ್ತಿಲ್ಲ.
'ಹೆಚ್ಚಾಯಿತು' ಎಂದು ಬೆರಳು ಮಡಚಿ ಎಣಿಸಿತು, ಅಷ್ಟೇ.
ಎಣಿಸದಿದ್ದರೆ ನಾನು ಇಳಿಯುತ್ತಿರಲಿಲ್ಲ.

ಬಂದರಿಗೆ ನಡೆದು ಹೋಗಿ ಉರ್ಮಾಸನನ್ನು ಕೇಳಿದೆ:
ಇಷ್ಟು ಚಳಿಗಾಲ ಹೇಗೆ ಸಾಗಿಸಿದೆ?
ಕೈಗವಸು ಕಳಚದೆ ಅಂದ:
"ಅದು ಬೇಡ ಅನ್ನುತ್ತಿತ್ತು. ನಾನು ಹಗ್ಗ ಬಿಚ್ಚುತ್ತಿದ್ದೆ."
ದಂಡದ ನೋಟೀಸು ಏಳು, ಡ್ರಾಯರಿನಲ್ಲಿ
ಸಕ್ಕರೆ ಪೊಟ್ಟಣದ ಕೆಳಗೆ ಮಡಚಿಟ್ಟಿದ್ದ.

ಮೂರು ದಿನ ಹಿಡಿಯಿತು.
ಕಾಯುವವರು ಯಾರು, ಗಾಳಿ ಒಪ್ಪಿತೇ, ನೀರು ಸಾಕೇ,
ಒಂದೊಂದಕ್ಕೂ ಅದರದೇ ಹೆಸರು, ಅಂಗೈಯಷ್ಟು ಜಾಗ.
ಪ್ರತಿ ಕವಲಿಗೂ ಒಂದು ಪರೀಕ್ಷೆ; ಆಂಬುಲೆನ್ಸಿಗೆ ಎರಡು.
ಒಂದೇ ಒಂದು ಸಾಲು ಉದ್ದ ಮೀರಿಯೇ ಉಳಿಯಿತು:
ಮರಳದಿಬ್ಬದ ಆ ರಾತ್ರಿಗಳ ಬಗ್ಗೆ ಲೆಂಬಿತ್‌ನ ಟಿಪ್ಪಣಿ.
ಅದರ ತುದಿಯಲ್ಲಿ ಯಂತ್ರಕ್ಕೆ ಬರೆದೆ: ಇಲ್ಲಿ ಸುಮ್ಮನಿರು.
ಹೇಳಿದರೆ ಕೇಳುತ್ತದೆ, ಅದೊಂದು ಗುಣ.

ಜನವರಿಯ ಒಂದು ಮುಂಜಾವ, ಐದೂ ಕಾಲು.
ನೀಲಿ ದೀಪ ಹಿಮದ ಮೇಲೆ ತಿರುಗುತ್ತಿತ್ತಂತೆ.
ಉರ್ಮಾಸ್ ಎಂದಿನಂತೆ ಜಗಳಕ್ಕೆ ಸಿದ್ಧನಾಗಿ ಬಂದ,
ಪರದೆ 'ಹೊರಡಬಹುದು' ಅಂದಿತು.
ಒಂದು ಗಳಿಗೆ ಏನು ಮಾಡಲೂ ತೋಚಲಿಲ್ಲ ಅವನಿಗೆ.
ಹೊರಗೆ ಹೋಗಿ ನೀರನ್ನು ತಾನೇ ಒಮ್ಮೆ ನೋಡಿ ಬಂದನಂತೆ,
ಆಮೇಲೆ ಹಗ್ಗ.