ಬಿಸಿ ಬಿಸಿ ಬರುವರು

ಜೆಪ್ಪು ಮಾರ್ಕೆಟ್ಟಿನ ಹಿಂದೆ, ಸೈಕಲ್ ರಿಪೇರಿ ಅಂಗಡಿಗೆ
ಹೆಗಲು ತಾಗಿಸಿ ನಿಂತ ಒಂದೇ ಬಾಗಿಲಿನ ಹೋಟೆಲು.
ಬೋರ್ಡು ಬರೆದ ಪೈಂಟರ್ ವಾಮನನಿಗೆ
ಅಂಥ ತಿಂಡಿಯೊಂದು ಉಂಟೆಂದೇ ಗೊತ್ತಿರಲಿಲ್ಲ.
ಚೀಟಿಯಲ್ಲಿದ್ದ 'ಬರ್ಗರು' ಕೈತಪ್ಪೆಂದು ತಿಳಿದು
ತಾನೇ ತಿದ್ದಿ, ಕೆಂಪಿನಲ್ಲಿ, ದಪ್ಪಗೆ ಬರೆದ:
'ಇಲ್ಲಿ ಬಿಸಿ ಬಿಸಿ ಬರುವರು ಸಿಗುತ್ತದೆ.'
ಬಣ್ಣದ ದುಡ್ಡು ಕೊಟ್ಟಾಗಿತ್ತು. ಸಿಪ್ರಿಯನ್ ಪೊರ್ಬುಗಳು
'ಇರ್ಲಿ ಮಾರಾಯ, ಬರ್ಲಿ' ಅಂದರಂತೆ.

ಅದಾಗಿ ಮೂವತ್ತೆರಡು ವರ್ಷ.
ಮಾಡಿನಲ್ಲೊಂದು ಗಾಜಿನ ಹಂಚು, ಅದರಿಂದಿಳಿದ ಬಿಸಿಲಿನ ತುಂಡು
ನಾಲ್ಕಕ್ಕೆ ಗಲ್ಲಾಪೆಟ್ಟಿಗೆಯ ಮೇಲೆ,
ಐದಕ್ಕೆ ನನ್ನ ಸ್ಟೂಲಿನ ಮೇಲೆ.
ನಾನು ಬಂದು ಅದರ ಮೇಲೇ ಕೂರುತ್ತೇನೆ,
ಕೊರಳಲ್ಲಿ ಟೇಪು, ತೋಳಿಗೆ ಅಂಟಿಕೊಂಡ
ಯಾರದೋ ರವಿಕೆಯ ಹಸಿರು ನೂಲು.

ಕಾವಲಿಯಲ್ಲಿ ಕಟ್ಲೆಟ್ಟು ಚುಂಯ್ ಅನ್ನುತ್ತದೆ.
ರಸ್ಕಿನ ಪುಡಿಯಲ್ಲಿ ಹೊರಳಿದ ಅಂಚು
ಓವರ್‌ಲಾಕ್ ಹೊಡೆದಷ್ಟು ಗಟ್ಟಿ.
ಬನ್ನಿನ ಒಳಮೈಗೆ ತುಪ್ಪವಲ್ಲ, ಡಾಲ್ಡ. ಅದನ್ನು ಮುಚ್ಚಿಡುವವರಲ್ಲ ಅವರು.
ವಿನೆಗರಿನಲ್ಲಿ ನೆನೆದ ನೀರುಳ್ಳಿ,
ಕಾಯಿಮೆಣಸಿನ ಚಟ್ನಿ,
ನಿನ್ನೆಯ ಪೇಪರಿನ ಕ್ಲಾಸಿಫೈಡ್ ಪುಟ.
ಬಾಡಿಗೆಗೆ ಮನೆ ಉಂಟು, ಸೊಸೆ ಬೇಕಾಗಿದ್ದಾಳೆ,
ಎಲ್ಲದರ ಮೇಲೂ ಎಣ್ಣೆ.

ರೆಡಿಮೇಡು ಬಂದು ನನ್ನ ಮಿಷನ್ನು ಸುಮ್ಮನಾದ ವರ್ಷ
'ಅರ್ಧ ಸಾಕು' ಅಂದೆ. ಕಾರಣ ಬೇರೆ ಹೇಳಿದೆ:
'ಇಡೀ ತಿಂದರೆ ರಾತ್ರಿ ಗಂಜಿಗೆ ಜಾಗ ಇರುವುದಿಲ್ಲ.'
ಅವರು ನನ್ನ ಹೊಟ್ಟೆ ನೋಡಲಿಲ್ಲ, ಚೂರಿ ಒರೆಸಿದರು.
'ಒಳ್ಳೆದೇ ಆಯ್ತು. ಆರು ಗಂಟೆಗೆ ಒಬ್ಬರು ಬರುವರು,
ಅವರಿಗೂ ಅರ್ಧವೇ. ನೀರುಳ್ಳಿ ಆಗುವುದಿಲ್ಲ ಅವರಿಗೆ,
ಎಲ್ಲ ನಿಮ್ಮ ಬದಿಗೆ ಹಾಕ್ತೇನೆ, ಆಯ್ತಾ?'

ಆಯ್ತು.
ಹಾಗೆ ಹನ್ನೊಂದು ವರ್ಷ ಒಂದೇ ಬನ್ನು
ನಾನೂ ಆ ಇನ್ನೊಬ್ಬರೂ.
ಜಾಲರಿಯ ಮುಚ್ಚಳದಡಿ ಅವರ ಪಾಲು ಕಾಯುತ್ತಿತ್ತು.
ಕಂಡಿಲ್ಲದವರಿಗೆ ಮನಸ್ಸಿನಲ್ಲೇ ಅಂಗಿ ಹೊಲಿದೆ:
ಒಮ್ಮೆ ಲೈನ್‌ಮನ್ನಿನ ಅಗಲ ಬೆನ್ನು,
ಒಮ್ಮೆ ಡ್ಯೂಟಿ ಮುಗಿಸಿದ ನರ್ಸಮ್ಮನ ಸಣ್ಣ ತೋಳು.
ಕತ್ತರಿಸುವುದು ನನಗೂ ಗೊತ್ತಲ್ಲ;
ನನ್ನ ಬದಿ ದಿನಾ ಅರ್ಧ ಇಂಚು ಹೆಚ್ಚು.
ಹೇಳಲಿಲ್ಲ.
ಹೊಲಿಗೆಗೆಂದು ಬಿಟ್ಟ ಬಟ್ಟೆ ಅಂದುಕೊಂಡೆ.

ಕಳೆದ ಶನಿವಾರ ಕನ್ನಡಕ ಮರೆತು
ವಾಪಸು ಹೋದಾಗ ಸೆಮಿನರಿಯಲ್ಲಿ ಆರರ ಗಂಟೆ.
ಬಾಗಿಲು ಅರ್ಧ ಮುಚ್ಚಿತ್ತು.
ಕೈ ಎದೆಗೆ ಮುಟ್ಟಿಸಿ, ಗಂಟೆ ನಿಲ್ಲುವವರೆಗೆ ತಲೆತಗ್ಗಿಸಿ ನಿಂತು,
ಆಮೇಲೆ ಸಿಪ್ರಿಯನ್ ಪೊರ್ಬುಗಳು ಮುಚ್ಚಳ ಎತ್ತಿ
ಆ ಅರ್ಧವನ್ನು ಕಣ್ಣ ಚಹಾದಲ್ಲಿ ಅದ್ದಿ
ನಿಂತುಕೊಂಡೇ ತಿಂದರು.
ಎಡಗೈ ಗಲ್ಲದ ಕೆಳಗೆ. ಬಿದ್ದ ಪುಡಿಯನ್ನೂ ಬಿಡಲಿಲ್ಲ.
ನೀರುಳ್ಳಿಯ ಡಬ್ಬಿ ಖಾಲಿ, ಮಗುಚಿ ಇಟ್ಟಿತ್ತು.

ನಾನು ಕೆಮ್ಮದೆ ಬಂದೆ.
ಕನ್ನಡಕ ಅಲ್ಲೇ ಉಳಿಯಿತು; ರಾತ್ರಿಯಿಡೀ
ನೂಲು ಸೂಜಿಯ ಕಣ್ಣು ತಪ್ಪಿಸುತ್ತಿತ್ತು.

ಸೋಮವಾರ ಐದಕ್ಕೆ ಬಿಸಿಲೂ ನಾನೂ ಸ್ಟೂಲಿಗೆ ಬಂದೆವು.
ಕನ್ನಡಕವನ್ನು ಬನ್ನಿನ ಕಾಗದದಲ್ಲಿ ಸುತ್ತಿಟ್ಟಿದ್ದರು.
ಹಾಕಿಕೊಂಡರೆ ಕಾವಲಿ, ಚೂರಿ, ಅವರ ಬೆರಳು
ಎಲ್ಲದಕ್ಕೂ ತೆಳ್ಳಗೆ ಡಾಲ್ಡ.
ಇಡೀ ಕೇಳುವಾ ಅಂತ ಬಾಯಿವರೆಗೆ ಬಂತು.
ಕೇಳಿದರೆ ಅವರ ಆರು ಗಂಟೆಗೆ ಎಂತದು?
'ಅರ್ಧ' ಅಂದೆ. 'ಮತ್ತೆ ಪೊರ್ಬುಗಳೇ,
ಆ ಇನ್ನೊಬ್ಬರಿಗೆ ಹೇಳಿ,
ನೀರುಳ್ಳಿ ಸ್ವಲ್ಪ ತಿನ್ನಲಿಕ್ಕೆ. ರಕ್ತಕ್ಕೆ ಒಳ್ಳೆದಂತೆ.'

ಚೂರಿ ಬನ್ನಿನ ನಡುವೆ ಒಂದು ಗಳಿಗೆ ನಿಂತಿತು.
ತಲೆ ಎತ್ತಲಿಲ್ಲ.
'ಹೇಳ್ತೇನೆ' ಅಂದರು.
'ಆದ್ರೆ ಕೇಳುವ ಜನ ಅಲ್ಲ ಅದು.'