ಮಂಗಳವಾರದ ನಡಾವಳಿ

ಹಾಜರಿದ್ದವರು: ಜನ ಹನ್ನೊಂದು, ನಾಯಿ ಒಂಬತ್ತು.
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ.
ಕುಹ್ಮೊ ಪೇಟೆಯ ಹಳೆಯ ಗರಗಸದ ಮಿಲ್ಲಿನ ಶೆಡ್ಡು,
ಮುಚ್ಚಿ ಹತ್ತೊಂಬತ್ತು ವರ್ಷವಾದರೂ
ಒದ್ದೆ ನಾಯಿಗಳ ನಡುವೆ ಈಗಲೂ
ಪೈನ್ ಹೊಟ್ಟಿನ ವಾಸನೆ ಮೂಗಿಗೆ ಬರುತ್ತದೆ.

ಬರೆದುಕೊಂಡವಳು ನಾನು, ರೈಲಿ, ಕಾರ್ಯದರ್ಶಿ,
ಬೇರೆ ಯಾರೂ ಒಪ್ಪದ ಕಾರಣ ಏಳನೆಯ ವರ್ಷ.
ನಾಯಿಯಿಲ್ಲದ ಇಬ್ಬರಲ್ಲಿ ನಾನೊಬ್ಬಳು.
ನನ್ನದು ನವೆಂಬರಿನಲ್ಲಿ ಹೋಯಿತು;
ಅದು ಈ ನಡಾವಳಿಗೆ ಸೇರಿದ್ದಲ್ಲ.

ಮೊದಲು ಲೆಕ್ಕ.
ರಬ್ಬರು ಹಾಸು ಕೊಂಡದ್ದು, ನಾನೂರ ಹತ್ತು ಯೂರೋ.
ಜಿಗಿಯುವ ಅಡ್ಡಪಟ್ಟಿ ಎರಡು ಮುರಿದಿವೆ:
ಒಂದು, ಲ್ಯಾಬ್ರಡಾರ್ ಹಾರಿದಾಗ;
ಇನ್ನೊಂದು, ಹಾರುವುದು ಹೀಗೆ ಎಂದು
ಅದರ ಯಜಮಾನ ಆತೊಸ್ ಅದಕ್ಕೆ ತೋರಿಸಿದಾಗ.
ಮೊಣಕಾಲು ಈಗ ವಾಸಿ.

ಮೂರು ನಿಮಿಷ ಕಣ್ಮರೆಯಾಗುವ ಅಭ್ಯಾಸ:
ನಾಯಿಗಳು ಬಿಟ್ಟ ಜಾಗದಲ್ಲೇ ಬಿಟ್ಟ ಹಾಗೇ ಇದ್ದವು.
ಸ್ಟಾಪ್‌ವಾಚು ಹಿಡಿದು ಒಳಗಿದ್ದವಳು ನಾನು.
ಬಾಗಿಲ ಬಿರುಕಿನಲ್ಲಿ
ಒಂದರ ಮೇಲೊಂದು ಕಣ್ಣು.
ಇದಕ್ಕೆ ಅಂಕ ಕಳೆಯುವ ನಿಯಮ ಇಲ್ಲ.

ಸುದ್ದಿ.
ಕಾಯಾನಿಯ ಪ್ರದರ್ಶನದಲ್ಲಿ ಕೆರ್ತ್ತು ಸಾಕಿದ ಸ್ಪಿಟ್ಜ್,
ಆ ನರಿಬಣ್ಣದ ಹುಡುಗಿ, ತಳಿಯಲ್ಲಿ ಮೊದಲು.
ತೀರ್ಪುಗಾರರ ಷರಾ: ಬಾಲದ ಸುರುಳಿ ಅತ್ಯುತ್ತಮ.
ನಾಯಿಬಾಲವನ್ನು ನಳಿಗೆಗೆ ತೂರಿಸಿ
ನೆಟ್ಟಗೆ ಮಾಡಹೊರಟವರು ಲೋಕದಲ್ಲಿ ಎಲ್ಲೋ ಇದ್ದಾರಂತೆ.
ಬಂದರೆ ಕಾಫಿ ಕೊಟ್ಟು ಕಳಿಸೋಣ;
ನಮ್ಮಲ್ಲಿ ಡೊಂಕಿಗೇ ರಿಬ್ಬನ್ನು.

ಆಮೇಲೆ ತೈಸ್ತೊ.
ಇದನ್ನು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ.
ಸೆಪ್ಟೆಂಬರಿನಲ್ಲಿ ವೈದ್ಯರು ಗಂಟಲಿನಿಂದ
ಕೆಟ್ಟದ್ದನ್ನು ತೆಗೆದರು, ಜೊತೆಗೆ ದನಿಯೂ ಹೋಯಿತು.
ಗರಗಸದ ಗದ್ದಲದ ಮೇಲೆ ಕೂಗಿ ಕೂಗಿ ಬೆಳೆಸಿದ ದನಿ.
ಅವರು ಇಲ್ಲಿ ‘ಇಸ್ತು’ ಅಂದರೆ
ಸರೋವರದಾಚೆಯ ನಾಯಿಗಳೂ ಕೂತುಬಿಡುತ್ತಿದ್ದವು.

ರುಸ್ಕಾಗೆ ಆಗ ಆರು ವರ್ಷ.
ಮರಳಿ ಬಂದ ಮೊದಲ ಮಂಗಳವಾರ
ಶೆಡ್ಡಿನ ನಡುವೆ ಅವರ ಬಾಯನ್ನೇ ನೋಡಿತು,
ಕತ್ತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ,
ಗೊರಗುಡುವ ರೇಡಿಯೊದ ಕಿವಿ ತಿರುಪುವವರ ಹಾಗೆ.
ತುಟಿ ಆಡಿತು. ಏನೂ ಬರಲಿಲ್ಲ.
ಎದ್ದು ಬಂದು ಬ್ಯಾಂಡೇಜು ಮೂಸಿತು.

ಆವತ್ತು ಕೆರ್ತ್ತು, ಯಾರೂ ನಿರ್ಣಯ ಮಂಡಿಸದೆ,
ತನ್ನ ನಾಯಿಗೆ ಬರೀ ಕೈಯಲ್ಲಿ ಕೂರು ಅಂದಳು.
ಆಮೇಲೆ ಆತೊಸ್. ಆಮೇಲೆ ಎಲ್ಲರೂ.
ಮಾತು ನಮಗೆ ಮೊದಲೇ ದುಬಾರಿ,
ಈ ಚಳಿಗಾಲ ಉಳಿದಷ್ಟನ್ನೂ ಉಳಿಸಿದೆವು.
ಅಂಗೈ ಎದೆಗೆ ಬಂದರೆ ಕೂರು.
ತೊಡೆ ತಟ್ಟಿದರೆ ಬಾ.
ಕೈ ತಲೆಯ ಮೇಲೆತ್ತಿದರೆ ಮಲಗು.
ಹತ್ತು ವಾರ ಶೆಡ್ಡಿನಲ್ಲಿ ಕೇಳಿಸಿದ್ದು
ರಬ್ಬರಿನ ಮೇಲೆ ಉಗುರು, ಹೀಟರಿನ ಗೊಣಗು,
ಯಾರದೋ ಜೇಬಿನಲ್ಲಿ ಒಣಮೀನಿನ ಪೊಟ್ಟಣದ ಪರಪರ.

ರುಸ್ಕಾ ಕಲಿತದ್ದು ಒಂದು ತೂಕ ಹೆಚ್ಚೇ.
ತೈಸ್ತೊ ಟೋಪಿ ತೆಗೆದರೆ ಮಲಗುತ್ತದೆ.
ಬಸ್ಸಿಗೆ ಕೈ ಮಾಡಿದರೆ ಹಿಮದಲ್ಲೇ ಮಲಗುತ್ತದೆ,
ಡ್ರೈವರು ಕೆಳಗಿಳಿದು ಕಾಯುತ್ತಾನೆ.
ಅವರು ಚೀಟಿಯಲ್ಲಿ ಬರೆದು ಎಲ್ಲರಿಗೂ ದಾಟಿಸಿದರು:
‘ದನಿಯಿದ್ದಾಗ ಇವಳು ಇಷ್ಟು ಮಾತು ಕೇಳುತ್ತಿರಲಿಲ್ಲ.’
ಚೀಟಿಯನ್ನು ಕಡತಕ್ಕೆ ಲಗತ್ತಿಸಿದೆ.

ಕೊನೆಗೆ ಚಂದಾ.
ಕರೆಂಟು ಬಿಲ್ಲಿನ ದೆಸೆಯಿಂದ ಐದು ಯೂರೋ ಏರಿಕೆ.
ಒಪ್ಪುವವರು ಕೈ ಎತ್ತಿ, ಎಂದರು ಅಧ್ಯಕ್ಷೆ ಸಿರ್ಕಾ.
ಎತ್ತಿದೆವು.

ಹಾಸಿನ ಮೇಲೆ ಒಂದರ ಹಿಂದೊಂದು
ಮೈ ಇಳಿಸಿದ ಮೆತ್ತನೆ ಸದ್ದು.
ಕುರ್ಚಿಯ ಕೆಳಗೆ, ಕಾಫಿ ಮೇಜಿನ ಪಕ್ಕ, ಬಾಗಿಲ ಬಳಿ.
ಸ್ವಲ್ಪ ಹೊತ್ತು ಯಾರೂ ಕೈ ಇಳಿಸಲಿಲ್ಲ.
ತೈಸ್ತೊ ಭುಜ ಕುಲುಕುತ್ತಿತ್ತು.

ದಾಖಲಿಸಿದ್ದೇನೆ.
ಪರ ಹನ್ನೊಂದು. ವಿರೋಧ ಇಲ್ಲ.
ಮಲಗಿದವರು ಎಂಟು.
ತಟಸ್ಥ ಒಂದು: ಜನವರಿಯಲ್ಲಿ ಸೇರಿದ ಮರಿ,
ಇನ್ನೂ ಹೆಸರಿಟ್ಟಿಲ್ಲ,
ಆ ಹೊತ್ತಿಗೆ ನನ್ನ ಬೂಟಿನ ದಾರ ಕಚ್ಚುತ್ತಿತ್ತು.